ಶಾಲು ಹೊದಿಸುವ ಮೊದಲು ಕೆರೆ ಏರಿ ನೋಡಿ ಬರೋಣ

ನಾನು ಎರಡನೇ ವರ್ಷದಲ್ಲಿದ್ದಾಗ ಒಂದು ಅಭಿನಂದನಾ ಸಮಾರಂಭಕ್ಕೆ ನಿರೂಪಣೆ ಮಾಡೋ ಅವಕಾಶ ಸಿಕ್ಕಿತ್ತು. ಇತಿಹಾಸದ ಪುಸ್ತಕಕ್ಕೆ ಪ್ರಶಸ್ತಿ ಪಡೆದ ಹಿರಿಯರೊಬ್ಬರನ್ನು ಊರಿನ ಸಂಘವೊಂದು ಕರೆಸಿತ್ತು. "ನಿಮ್ಮ ಕನ್ನಡ ಸಂಘದ ಹುಡುಗರನ್ನ ಕಳಿಸ್ರಿ, ಕೈಗೆ ಆಗ್ತಾರ" ಅಂದಿದ್ದಕ್ಕೆ ನಾವು ಆರು ಜನ ಹೋಗಿದ್ವಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಪ್ರಾಸ್ತಾವಿಕ ನುಡಿ, ವೇದಿಕೆ ಮೇಲಿದ್ದ ಹನ್ನೊಂದು ಜನರಿಗೂ ಹಾರ, ಆಮೇಲೆ ಶಾಲು, ಪೇಟ, ಫಲತಾಂಬೂಲ, ನೆನಪಿನ ಕಾಣಿಕೆ, ಅದರ ಫೋಟೊ, ಫೋಟೊ ಸರಿ ಬಂದಿಲ್ಲ ಅಂತ ಇನ್ನೊಂದು ಫೋಟೊ. ಎರಡೂವರೆ ಗಂಟೆ ಹಿಡೀತು. ಅಷ್ಟು ಹೊತ್ತಿನಲ್ಲಿ ಪುಸ್ತಕದ ಹೆಸರು ಹತ್ತು ಹದಿನೈದು ಸಲ ಕೇಳಿಬಂತು. ಪುಸ್ತಕದ ಒಳಗೆ ಏನಿದೆ ಅನ್ನೋದು ಒಂದು ಸಲವೂ ಬರಲಿಲ್ಲ. ನಾನಂತೂ ಫೋನಿನಲ್ಲಿ ಹುಡುಕಿ, ಅವರು ಹುಟ್ಟಿದ ಊರು, ಓದಿದ ಕಾಲೇಜು, ಬಂದ ಪ್ರಶಸ್ತಿಗಳು ಎಲ್ಲವನ್ನೂ ಏರುದನಿಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದೆ.

ಊಟಕ್ಕೆ ಅವರ ಪಕ್ಕದಲ್ಲೇ ಕೂತೆ. "ಚೊಲೊ ಮಾತಾಡ್ತಿ ತಮ್ಮಾ" ಅಂದರು. ನಾನು ಉಬ್ಬಿಹೋದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವರೇ ಮಾತು ತೆಗೆದರು: "ಆ ಪುಸ್ತಕದಾಗ ಒಂದು ತಪ್ಪು ಐತಿ. ಅಚ್ಚಾದ ಮ್ಯಾಲ ನನಗ ಗೊತ್ತಾತು. ಇವತ್ತು ಓದಿದವರು ಯಾರಾದ್ರೂ ಎದ್ದು ಕೇಳ್ತಾರ ಅಂತ ಉತ್ತರ ತಯಾರು ಮಾಡ್ಕೊಂಡು ಬಂದಿದ್ದೆ."

ಯಾವ ತಪ್ಪು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೂ ತಿಳೀತಿರಲಿಲ್ಲ, ಯಾಕಂದ್ರೆ ನಾನು ಪುಸ್ತಕ ತೆರೆದೇ ಇರಲಿಲ್ಲ.

ಈ ವರ್ಷ ನಮ್ಮ ಸಂಘವೇ ಅಂಥದ್ದೊಂದು ಕಾರ್ಯಕ್ರಮ ಮಾಡಲು ಹೊರಟಿದೆ. ಯಾರನ್ನು ಕರೆಸ್ತೀವಿ ಅನ್ನೋದನ್ನ ಅವರ ಒಪ್ಪಿಗೆ ಬಂದ ಮೇಲೆ ಹೇಳ್ತೀವಿ. ಅದಕ್ಕೂ ಮುಂಚೆ, ಇತಿಹಾಸದ ಪುಸ್ತಕಕ್ಕೆ ಪ್ರಶಸ್ತಿ ಬಂತು ಅಂದರೆ ನಾವು ನಿಜವಾಗಿ ಯಾವುದನ್ನು ಸಂಭ್ರಮಿಸಬೇಕು ಅನ್ನೋದರ ಬಗ್ಗೆ ಒಂದು ಪಾಠ ಮಾಡಿಕೊಳ್ಳೋಣ ಅನ್ನಿಸಿತು. ಪಾಠ ಅಂದರೆ ಹೆದರಬೇಡಿ, ಇದರಲ್ಲಿ ಇಂಟರ್ನಲ್ಸ್ ಇಲ್ಲ.

ಪ್ರಶಸ್ತಿ ಯಾವುದಕ್ಕೆ, ಯಾರಿಗೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಎಲ್ಲಾ ಸಾಹಿತ್ಯ ಪ್ರಶಸ್ತಿಗಳೂ ಒಂದೇ ಥರ ಅಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವಕ್ಕೆ 'ನುಡಿಹಬ್ಬ' ಅಂತ ಹೆಸರಿಟ್ಟಿದೆ. ಅಲ್ಲಿ ಕೊಡೋ 'ನಾಡೋಜ' ಒಬ್ಬ ವ್ಯಕ್ತಿಯ ಇಡೀ ಬದುಕಿನ ಸಾಧನೆಗೆ ಸಲ್ಲುವ ಗೌರವ. ಕೇಂದ್ರ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಹಾಗಲ್ಲ. ಅದು 24 ಭಾಷೆಗಳಲ್ಲಿ ಪ್ರತಿ ವರ್ಷ ಒಂದೊಂದು ಪುಸ್ತಕಕ್ಕೆ, ಅದರಲ್ಲೂ ಹಿಂದಿನ ಕೆಲವೇ ವರ್ಷಗಳಲ್ಲಿ ಬಂದ ಪುಸ್ತಕಕ್ಕೆ ಕೊಡುವಂಥದ್ದು. ಒಂದು ಲಕ್ಷ ರೂಪಾಯಿ, ತಾಮ್ರದ ಫಲಕ, ಶಾಲು. ಶಾಲು ಹೊದಿಸೋದು ಲೇಖಕರಿಗೇ ಆದರೂ, ತೀರ್ಪುಗಾರರು ಕೂತು ವಾದ ಮಾಡಿದ್ದು ಪುಸ್ತಕದ ಬಗ್ಗೆ. ನಾವು ಊರಲ್ಲಿ ಕಾರ್ಯಕ್ರಮ ಮಾಡೋವಾಗ ಮಾತ್ರ ಪುಸ್ತಕ ಮರೆಯಾಗಿ, ಬರೀ ಲೇಖಕರು ಉಳಿದುಬಿಡ್ತಾರೆ.

ಕನ್ನಡದಲ್ಲಿ ಈ ಪ್ರಶಸ್ತಿ ಹೆಚ್ಚಾಗಿ ಕಾವ್ಯ, ಕಾದಂಬರಿ, ನಾಟಕ, ವಿಮರ್ಶೆಗೆ ಹೋಗಿದೆ. ಆದರೆ ಇತಿಹಾಸ ಬರವಣಿಗೆ ಮೊದಲಿನಿಂದಲೂ ಸಾಲಿನಲ್ಲಿದೆ. 1955ರಲ್ಲಿ ಮೊದಲ ಪ್ರಶಸ್ತಿ ಕುವೆಂಪು ಅವರ ಮಹಾಕಾವ್ಯಕ್ಕೆ ಬಂದರೆ, ಮರುವರ್ಷವೇ 1956ರಲ್ಲಿ ರಂ.ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ ಬಂತು. 1970ರಲ್ಲಿ ಶಂಬಾ ಜೋಶಿಯವರ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'. 1997ರಲ್ಲಿ ಎಂ. ಚಿದಾನಂದಮೂರ್ತಿಯವರ 'ಹೊಸತು ಹೊಸತು'. 2006ರಲ್ಲಿ ಎಂ.ಎಂ. ಕಲಬುರ್ಗಿಯವರ 'ಮಾರ್ಗ-4'. ಈ ಪಟ್ಟಿ ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತೆ. ಇವು ಯಾವುವೂ ಯಾವ ರಾಜ ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ ಅನ್ನೋ ಪುಸ್ತಕಗಳಲ್ಲ. ಭಾಷೆ, ಶಾಸನ, ಪಂಥ, ಊರುಹೆಸರು, ಹಸ್ತಪ್ರತಿ ಇವುಗಳ ಜಾಡು ಹಿಡಿದು ಬರೆದವು. ಕನ್ನಡದಲ್ಲಿ ಒಳ್ಳೆಯ ಇತಿಹಾಸ ಬರವಣಿಗೆ ಬಹಳ ಸಲ 'ಸಂಶೋಧನೆ' ಅನ್ನೋ ಹೆಸರಿನಲ್ಲೇ ಬಂದಿದೆ. ಲೈಬ್ರರಿಯಲ್ಲಿ 'ಇತಿಹಾಸ' ಅಂತ ಬೋರ್ಡ್ ಇರೋ ಕಪಾಟಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಸಿಗಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕರ ನಡುವೆ ಓಡಾಡೋ ನಮಗೆ ಇತಿಹಾಸದ ಸಮಾರಂಭ ಹೊಸದೇನಲ್ಲ. ಹಂಪಿ ಉತ್ಸವಕ್ಕೆ ಹೋಗದವರು ನಮ್ಮ ಹಾಸ್ಟೆಲ್‌ನಲ್ಲಿ ಯಾರಿದ್ದಾರೆ? (ಹೋಗಿ ಮರಳಿ ಬರೋ ಬಸ್ಸು ಸಿಗದೆ ಕಮಲಾಪುರದವರೆಗೆ ನಡೆದವರೂ ಇದ್ದಾರೆ.) ಆದರೆ ನನಗೆ ಇಷ್ಟವಾದ ಮಾದರಿ ಇನ್ನೂ ಹಳೆಯದು. 1936ರಲ್ಲಿ ವಿಜಯನಗರ ಸ್ಥಾಪನೆಯಾಗಿ 600 ವರ್ಷವಾಯಿತು ಅಂತ ಧಾರವಾಡದ ಹಿರಿಯರು ಸೇರಿ ಒಂದು ಸಂಘ ಕಟ್ಟಿ ಉತ್ಸವ ಮಾಡಿದರು. ಕರ್ನಾಟಕ ಹರಿದು ಹಂಚಿಹೋಗಿದ್ದ ಕಾಲ ಅದು. ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಧಾರವಾಡ ಮುಂಬಯಿಗೆ, ನಡುವೆ ಸಂಡೂರು ಒಂದು ಪುಟ್ಟ ಸಂಸ್ಥಾನ. ಆ ಉತ್ಸವದ ಮೆರವಣಿಗೆ, ಭಾಷಣ ಎಲ್ಲಾ ಆಗಿಹೋಯಿತು. ಉಳಿದದ್ದು ಒಂದು ಸ್ಮಾರಕ ಗ್ರಂಥ. ಬೇರೆ ಬೇರೆ ವಿದ್ವಾಂಸರ ಲೇಖನಗಳ ಆ ದಪ್ಪ ಸಂಪುಟವನ್ನು ವಿಜಯನಗರದ ಬಗ್ಗೆ ಬರೆಯುವವರು ಇಂದಿಗೂ ತೆರೆದು ನೋಡ್ತಾರೆ.

ಅದರಲ್ಲಿ ಇನ್ನೊಂದು ಮಜಾ ಇದೆ. ಯಾವ ಇಸವಿ ಹಿಡಿದು ಉತ್ಸವ ಮಾಡಿದರೋ ಆ 1336ರ ಬಗ್ಗೆಯೇ ಆಗಲೇ ಜಗಳ ಶುರುವಾಗಿತ್ತು. ಫಾದರ್ ಹೆರಾಸ್ 1929ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿದ್ಯಾರಣ್ಯರು ನಗರ ಸ್ಥಾಪಿಸಿದ ಕಥೆ ನಂತರದ ಕಾಲದಲ್ಲಿ ಹುಟ್ಟಿಕೊಂಡದ್ದು ಅಂತ ವಾದ ಹೂಡಿದ್ದರು. ಸಂಗಮ ಸಹೋದರರು ಸೇರಿ ಶೃಂಗೇರಿಯಲ್ಲಿ ವಿಜಯೋತ್ಸವ ಆಚರಿಸಿದ ಶಾಸನದ ಕಾಲ 1346. ಹಾಗಾದರೆ ರಾಜ್ಯ 'ಹುಟ್ಟಿದ್ದು' ಯಾವಾಗ? ಉತ್ಸವ ಮಾಡಿದವರಿಗೆ ಈ ವಾದ ಗೊತ್ತಿರಲಿಲ್ಲ ಅಂತಲ್ಲ. ಹಬ್ಬವೂ ನಡೀತು, ವಾದವೂ ಮುಂದುವರೀತು.

ಒಂದು ಕೆರೆ, ಇಬ್ಬರು ಸಾಕ್ಷಿಗಳು

ಇತಿಹಾಸದ ಪುಸ್ತಕದಲ್ಲಿ ಮೆಚ್ಚಬೇಕಾದ್ದು ಏನು ಅನ್ನೋದಕ್ಕೆ ನಮ್ಮ ಕಾಲೇಜಿನಿಂದ ಬೈಕಿನಲ್ಲಿ ಹೋಗಿ ನೋಡಬಹುದಾದ ಒಂದು ಉದಾಹರಣೆ ಕೊಡ್ತೀನಿ. ನಾನು ಸಿವಿಲ್‌ನವನು, ಹಾಗಾಗಿ ಕೆರೆಯ ಉದಾಹರಣೆ.

ಕೃಷ್ಣದೇವರಾಯ ಈಗಿನ ಹೊಸಪೇಟೆಯ ಜಾಗದಲ್ಲಿ ನಾಗಲಾಪುರ ಅನ್ನೋ ಹೊಸ ಪಟ್ಟಣ ಕಟ್ಟಿಸಿದ. (ಆ ಹೆಸರು ತಾಯಿ ನಾಗಲಾಂಬಿಕೆಯದು ಅಂತ ಊರಿನವರು ಹೇಳೋದು. ಪೋರ್ಚುಗೀಸ್ ಪ್ರವಾಸಿ ಪಾಯಸ್ ಮಾತ್ರ, ರಾಜ ತನ್ನ ಪ್ರೀತಿಯ ಹೆಂಡತಿಯ ಹೆಸರಿಟ್ಟ ಅಂತ ಬರೀತಾನೆ. ಜಗಳ ಇಲ್ಲಿಂದಲೇ ಶುರು.) ಆ ಪಟ್ಟಣಕ್ಕೂ ಸುತ್ತಲಿನ ಗದ್ದೆ ತೋಟಗಳಿಗೂ ನೀರು ಬೇಕಲ್ಲ, ಅದಕ್ಕೆ ಎರಡು ಗುಡ್ಡಗಳ ನಡುವೆ ದೊಡ್ಡ ಏರಿ ಹಾಕಿ ಕೆರೆ ಕಟ್ಟಿಸಿದ. ಈ ಕೆಲಸದ ಬಗ್ಗೆ ನಮಗೆ ಇಬ್ಬರು ಸಾಕ್ಷಿಗಳಿದ್ದಾರೆ: ಸುಮಾರು 1520-22ರಲ್ಲಿ ವಿಜಯನಗರದಲ್ಲಿದ್ದ ಡೊಮಿಂಗೊ ಪಾಯಸ್, ಸುಮಾರು 1535-37ರಲ್ಲಿ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಇಬ್ಬರ ಬರಹವೂ ಶತಮಾನಗಟ್ಟಲೆ ಹಸ್ತಪ್ರತಿಯಲ್ಲೇ ಮಲಗಿತ್ತು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಆ ಪ್ರತಿಯನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಸೇರಿಸಿದ. ನಾವು ಗೈಡ್‌ಗಳ ಬಾಯಲ್ಲಿ ಕೇಳೋ ಎಷ್ಟೋ ಕಥೆಗಳ ಮೂಲ ಈ ಒಂದು ಪುಸ್ತಕ.

ಈಗ ಸಾಕ್ಷಿಗಳ ಹೇಳಿಕೆ ಪಕ್ಕಪಕ್ಕ ಇಟ್ಟು ನೋಡಿ.

ಪಾಯಸ್ ಹೇಳೋದು: ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡ್ತಿದ್ದರು, ನೆಲವೇ ಕಾಣ್ತಿರಲಿಲ್ಲ. ರಾಜ ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಂಚಿಕೊಟ್ಟಿದ್ದ. ಕೆರೆಯಲ್ಲಿ ಕೆತ್ತನೆಯ ಮೂರು ದೊಡ್ಡ ಕಂಬಗಳಿದ್ದವು, ಅವುಗಳ ಮೂಲಕ ಗದ್ದೆ ತೋಟಕ್ಕೆ ನೀರು ಬಿಡ್ತಿದ್ದರು. ಅಂದರೆ ನಾವು ಹೇಳೋ ತೂಬು. ಕೆರೆ ಎರಡು ಮೂರು ಸಲ ಒಡೀತು. ಕಾರಣ ಕೇಳಿದಾಗ ಬ್ರಾಹ್ಮಣರು ದೇವರಿಗೆ ಬಲಿ ಬೇಕಂತೆ ಅಂದರು. 60 ಜನರ, ಜೊತೆಗೆ ಕುದುರೆ ಎಮ್ಮೆಗಳ ತಲೆ ಕಡಿಸಲಾಯಿತು.

ನೂನಿಜ್ ಹೇಳೋದು: ಗೋವಾದ ಗವರ್ನರ್ ಕಳಿಸಿಕೊಟ್ಟ ಜೊವಾಂವ್ ದೆ ಲಾ ಪೊಂಟೆ ಅನ್ನೋ ಕಲ್ಲುಕೆಲಸದ ನಿಪುಣ ಬಂದಿದ್ದ. ಅವನಿಗೆ ಈ ಕೆಲಸ ಆಗೋದೇ ಇಲ್ಲ ಅನ್ನಿಸಿದರೂ ಒಪ್ಪಿಕೊಂಡು, ಸುಣ್ಣ ಸಿದ್ಧ ಮಾಡಿಸಿ ಅಂದ. ರಾಜ ನಕ್ಕುಬಿಟ್ಟ, ಯಾಕಂದರೆ ಇವನ ನಾಡಿನಲ್ಲಿ ಮನೆ ಕಟ್ಟೋಕೆ ಸುಣ್ಣ ಬಳಸೋದೇ ಗೊತ್ತಿರಲಿಲ್ಲವಂತೆ. ದೊಡ್ಡ ಬಂಡೆಗಳನ್ನು ಕಣಿವೆಗೆ ಉರುಳಿಸಿದರೂ ಹಗಲು ಮಾಡಿದ ಕೆಲಸ ರಾತ್ರಿ ಕುಸೀತಿತ್ತು. ಕೊನೆಗೆ ಸಾವಿನ ಶಿಕ್ಷೆಗೆ ಗುರಿಯಾಗಿದ್ದ ಕೈದಿಗಳನ್ನು ತರಿಸಿ ತಲೆ ಕಡಿಸಿದ ಮೇಲೆ ಕೆಲಸ ಮುಂದೆ ಸಾಗಿತು. ನೀರು ಸಿಗೋ ಭೂಮಿಯನ್ನು ರಾಜ ಒಂಬತ್ತು ವರ್ಷ ತೆರಿಗೆ ಇಲ್ಲದೆ ಜನರಿಗೆ ಕೊಟ್ಟ, ಆಮೇಲೆ ಅದರಿಂದ 20,000 ಪರ್ದಾವ್ ಆದಾಯ ಬರತೊಡಗಿತು.

ನರಬಲಿ ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಜನ ಎದ್ದು ನಿಲ್ತಾರೆ. ಒಬ್ಬರು "ಪರಂಗಿಗಳು ಬರೆದದ್ದೆಲ್ಲಾ ಸುಳ್ಳು" ಅಂತಾರೆ. ಇನ್ನೊಬ್ಬರು "ನೋಡ್ರಿ, ಇದೇ ನಿಮ್ಮ ಸುವರ್ಣಯುಗ" ಅಂತಾರೆ. ಇಬ್ಬರಿಗೂ ಪುಸ್ತಕ ಓದೋ ಅಗತ್ಯವೇ ಬೀಳಲ್ಲ. ಇತಿಹಾಸ ಬರೆಯೋನು ಮಾಡೋ ಕೆಲಸ ಬೇರೆ. ಅವನು ಪ್ರತಿ ವಾಕ್ಯಕ್ಕೂ ಕೇಳೋದು ಒಂದೇ: ಇದು ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ?

ಪಾಯಸ್ ಕೆಲಸಗಾರರನ್ನು ತಾನೇ ನೋಡಿದೆ ಅಂತ ಬರೀತಾನೆ. ತಲೆ ಕಡಿದದ್ದನ್ನು ನೋಡಿದೆ ಅಂತ ಬರೆಯೋದಿಲ್ಲ, ಹಾಗೆ ಮಾಡಿಸಿದರು ಅಂತಾನೆ. ನೂನಿಜ್ ಬರೆಯೋ ಹೊತ್ತಿಗೆ ಹದಿನೈದು ವರ್ಷ ಕಳೆದಿದೆ. ಕೃಷ್ಣದೇವರಾಯನೇ ಇಲ್ಲ, ಅಚ್ಯುತರಾಯನ ಕಾಲ ಬಂದಿದೆ. ಅವನ ಕೈಯಲ್ಲಿರೋದು ಕೇಳಿದ ಕಥೆ. ಇಬ್ಬರೂ ಬಲಿಯ ಮಾತು ಹೇಳೋದರಿಂದ ಅಂಥದ್ದೊಂದು ಮಾತು ಆಗ ಊರಲ್ಲಿ ಗಟ್ಟಿಯಾಗಿ ಹರಿದಾಡ್ತಿತ್ತು ಅನ್ನಬಹುದು. 60 ಅನ್ನೋ ಸಂಖ್ಯೆಯನ್ನ ಮಾತ್ರ ಒಬ್ಬನೇ ಹೇಳ್ತಾನೆ. ಬಲಿಯಾದವರು ಕೈದಿಗಳು ಅನ್ನೋದನ್ನ ಇನ್ನೊಬ್ಬನೇ ಹೇಳ್ತಾನೆ. ಇಲ್ಲಿಗೆ ನಿಲ್ಲಬೇಕು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ "60 ಕೈದಿಗಳನ್ನು ಬಲಿ ಕೊಟ್ಟರು" ಅಂತ ಬರೆದರೆ, ಇಬ್ಬರೂ ಹೇಳದ ಮೂರನೇ ಕಥೆಯನ್ನು ನಾವೇ ಹುಟ್ಟಿಸಿದ ಹಾಗೆ. ಎರಡು ಬೇರೆ ಉಪಕರಣದ ರೀಡಿಂಗ್ ಕೂಡಿಸಿ ಒಂದು ಟೇಬಲ್ ಮಾಡೋ ಚಾಳಿ ನಮ್ಮ ಲ್ಯಾಬ್‌ನಲ್ಲೂ ಇದೆಯಲ್ಲ, ಅದೇ ಇದು.

ಇನ್ನು ಸುಣ್ಣದ ಮಾತು. ಇದನ್ನು ಪರೀಕ್ಷೆ ಮಾಡೋಕೆ ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಹಂಪಿಗೆ ಹೋದರೆ ಸಾಕು. ಗೋಪುರಗಳ ಮೇಲ್ಭಾಗ ನೋಡಿ, ಇಟ್ಟಿಗೆ, ಗಾರೆ. ಕಮಲ ಮಹಲಿನ ಕಮಾನುಗಳ ಮೇಲಿನ ಅಲಂಕಾರ ಗಾರೆಕೆಲಸ. ಸುಣ್ಣ ಗೊತ್ತಿಲ್ಲದ ನಾಡು ಇದನ್ನೆಲ್ಲಾ ಕಟ್ಟಿತೇ? ಆದ್ದರಿಂದ ನೂನಿಜ್‌ನ ಆ ವಾಕ್ಯ ಹಾಗೆಯೇ ನಿಲ್ಲಲ್ಲ. ಆದರೆ ಅವನು ಪೂರ್ತಿ ಸುಳ್ಳು ಹೇಳಿದ ಅಂತಲೂ ಅನ್ನೋಕಾಗಲ್ಲ. ಅದೇ ಹಂಪಿಯ ಕೋಟೆ ಗೋಡೆಗಳಲ್ಲಿ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಒಂದಕ್ಕೊಂದು ಹೊಂದಿಸಿ ಕೂರಿಸಿದ್ದಾರೆ. ಏರಿಗೆ, ಕೋಟೆಗೆ ಒಣಕಲ್ಲು, ಗೋಪುರಕ್ಕೆ ಅರಮನೆಗೆ ಗಾರೆ, ಹೀಗೆ ಕೆಲಸಕ್ಕೆ ತಕ್ಕ ಪದ್ಧತಿ ಇದ್ದಿರಬಹುದು. ಏರಿಗೂ ಸುಣ್ಣ ಕೇಳಿದ ಪರದೇಶಿಯನ್ನು ನೋಡಿ ರಾಜ ನಕ್ಕಿರಬಹುದು. ಆ ನಗುವಿನ ಕಥೆ ಹದಿನೈದು ವರ್ಷದಲ್ಲಿ "ಇವರಿಗೆ ಸುಣ್ಣವೇ ಗೊತ್ತಿಲ್ಲ" ಅಂತ ಬೆಳೆದಿರಬಹುದು. ಇದು ನನ್ನ ಊಹೆ. ಊಹೆ ಅಂತ ಹೇಳಿಯೇ ಹೇಳ್ತಿದ್ದೀನಿ. (ಇದೇ ಹೊಸಪೇಟೆಯಲ್ಲಿ ನಾಲ್ಕು ಶತಮಾನ ಕಳೆದ ಮೇಲೆ ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಕಲ್ಲಿನ ನಡುವೆ ಹಾಕಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಮಣ್ಣಿನ ಪುಡಿ ಬೆರೆತ ಸುಣ್ಣ. ಪೊಂಟೆ ಇದ್ದಿದ್ದರೆ ಅವನೂ ಒಂದು ಸಲ ನಗ್ತಿದ್ದನೇನೊ.)

ಕೊನೆಗೆ, ಆ ಕೆರೆ ಯಾವುದು? ಸೀವೆಲ್ ತನ್ನ ಪುಸ್ತಕದಲ್ಲಿ ಒಂದು ಜಾಗ ಸೂಚಿಸ್ತಾನೆ: ಹೊಸಪೇಟೆಯ ನೈಋತ್ಯಕ್ಕೆ, ಸಂಡೂರಿನ ಬೆಟ್ಟಗಳ ಕಣಿವೆಯ ಬಾಯಲ್ಲಿ ಒಂದು ಒಣಗಿದ ದೊಡ್ಡ ಕೆರೆ ಇದೆ, ದಕ್ಷಿಣದ ತಾಲೂಕುಗಳಿಗೆ ಹೋಗೋ ರಸ್ತೆ ಅದರ ಏರಿಯ ಮೇಲೇ ಹಾದುಹೋಗಿದೆ, ಅದೇ ಇರುವಂತೆ ಕಾಣುತ್ತದೆ ಅಂತ. 'ಅದೇ' ಅಂತ ಅವನು ಹೇಳಲಿಲ್ಲ. 'ಇರುವಂತೆ ಕಾಣುತ್ತದೆ' ಅಂದ. ಇತಿಹಾಸದ ಪುಸ್ತಕಕ್ಕೆ ಚಪ್ಪಾಳೆ ಹೊಡೆಯೋದಾದರೆ ನಾನು ಇಂಥ ಕ್ರಿಯಾಪದಕ್ಕೆ ಹೊಡೀತೀನಿ. ನಮ್ಮಲ್ಲಿ ಎಷ್ಟೋ ಜನ ಆ ಏರಿಯ ಮೇಲೆ ಬಸ್ಸಿನಲ್ಲಿ ನಿದ್ದೆ ಹೊಡೀತಾ ಹೋಗಿದ್ದೀವಿ.

ಪುಸ್ತಕ ಓದದೆ ಮೆರವಣಿಗೆ ಮಾಡಿದರೆ

ಇಷ್ಟೆಲ್ಲಾ ಯಾಕೆ ತಲೆ ಕೆಡಿಸ್ಕೋಬೇಕು, ಸನ್ಮಾನ ಮಾಡಿ ಕಳಿಸಿದರಾಯ್ತಲ್ಲ ಅಂತ ಒಬ್ಬ ಜೂನಿಯರ್ ಕೇಳಿದ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಕಂಪ್ಲಿ ಕಡೆ ಹೋಗೋಣ.

ಕಂಪ್ಲಿ ಅಂದರೆ ನಮಗೆ ಕುಮಾರರಾಮ. 2005ರ ಶಿವರಾಜಕುಮಾರ್ ಸಿನಿಮಾ ನೋಡಿದವರೂ ಇದ್ದೀರಿ. ಕಂಪಿಲರಾಯನ ಪುಟ್ಟ ರಾಜ್ಯ 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಸಿಕ್ಕಿ ಅಳಿಯಿತು. ದಂಗೆ ಎದ್ದು ಓಡಿಬಂದ ಬಹಾವುದ್ದೀನ್ ಗರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದು, ಕೊನೆಗೆ ಹೆಂಗಸರು ಬೆಂಕಿಗೆ ಬಿದ್ದು, ರಾಜ ಹೋರಾಡಿ ಸತ್ತದ್ದು, ಇದನ್ನು ಇಬ್ನ್ ಬತೂತಾ ಬರೆದಿದ್ದಾನೆ. ಅವನು ದೆಹಲಿಗೆ ಬಂದದ್ದು ಇದೆಲ್ಲಾ ಮುಗಿದು ಕೆಲವು ವರ್ಷಗಳಾದ ಮೇಲೆ. ಮಲತಾಯಿ ರತ್ನಾಜಿಯ ಪ್ರಸಂಗ, ಕುಮಾರರಾಮನ ಶೀಲ, ಸಾಹಸ ಇವೆಲ್ಲಾ ನಮಗೆ ಬರೋದು ಕನ್ನಡದ ಸಾಂಗತ್ಯ ಕಾವ್ಯಗಳಿಂದ, ಜನಪದರ ಹಾಡುಗಳಿಂದ. ನಂಜುಂಡ ಕವಿಯ 'ರಾಮನಾಥ ಚರಿತೆ' 16ನೇ ಶತಮಾನದ್ದು, ಅಂದರೆ ಘಟನೆಗೂ ಕಾವ್ಯಕ್ಕೂ ನಡುವೆ ಸುಮಾರು ಇನ್ನೂರು ವರ್ಷ. ಕಾವ್ಯ ಸುಳ್ಳು ಅಂತಲ್ಲ. ಇನ್ನೂರು ವರ್ಷ ಜನ ಒಬ್ಬ ಸೋತ ರಾಜಕುಮಾರನನ್ನು ಮರೆಯದೆ ಯಾಕೆ ಹಾಡಿದರು ಅನ್ನೋದು ಕೂಡ ಇತಿಹಾಸದ ಪ್ರಶ್ನೆಯೇ. ಆದರೆ ಅದು ಬೇರೆ ಪ್ರಶ್ನೆ.

ಇಂಥ ವಿಷಯದ ಪುಸ್ತಕಕ್ಕೆ ಪ್ರಶಸ್ತಿ ಬಂದು ಊರಲ್ಲಿ ಸಮಾರಂಭ ಇಟ್ಟುಕೊಂಡರೆ, ಮೊದಲ ಭಾಷಣದಲ್ಲೇ "ನಮ್ಮವನು" ಅನ್ನೋ ಮಾತು ಬಂದುಬಿಡುತ್ತೆ. ವೀರ ನಮ್ಮ ಜನಾಂಗದವನು, ಲೇಖಕರು ಅದನ್ನು ಸಾಬೀತು ಮಾಡಿದ್ದಾರೆ, ಆದ್ದರಿಂದ ಸನ್ಮಾನ. ಲೇಖಕರು ಪುಸ್ತಕದಲ್ಲಿ "ಹೀಗಿರಬಹುದು" ಅಂದದ್ದು ಬ್ಯಾನರಿನಲ್ಲಿ "ಹೀಗೇ" ಆಗುತ್ತೆ. ನಾಳೆ ಅದೇ ಲೇಖಕರು ಹೊಸ ಶಾಸನ ಸಿಕ್ಕಿತು, ನನ್ನ ಅಭಿಪ್ರಾಯ ಬದಲಾಯಿತು ಅಂದರೆ, ಶಾಲು ಹೊದಿಸಿದ ಕೈಗಳೇ ತಿರುಗಿ ಬೀಳ್ತವೆ. ಓದಿ ಒಪ್ಪಿದವರು ಓದಿ ಭಿನ್ನಮತ ಹೇಳ್ತಾರೆ. ಓದದೆ ಮೆಚ್ಚಿದವರು ಓದದೆಯೇ ಸಿಟ್ಟಾಗ್ತಾರೆ.

ಇದು ಬರೀ ಮಾತಲ್ಲ. ಕಲಬುರ್ಗಿಯವರ 'ಮಾರ್ಗ' ಅಂದರೆ ಅವರ ಸಂಶೋಧನ ಪ್ರಬಂಧಗಳ ಸಂಪುಟಮಾಲೆ. ಮೊದಲ ಸಂಪುಟದ ಕೆಲವು ಬರಹಗಳ ಮೇಲೆ 1989ರಲ್ಲಿ ದೊಡ್ಡ ಗದ್ದಲವೆದ್ದು, ಒತ್ತಡಕ್ಕೆ ಸಿಕ್ಕಿ ಅವರು ಅವನ್ನು ಹಿಂದೆಗೆದುಕೊಳ್ಳಬೇಕಾಯಿತು. ಅದು ತನ್ನ ಬುದ್ಧಿಯನ್ನೇ ಕೊಂದುಕೊಂಡ ಹಾಗೆ ಅನ್ನೋ ಅರ್ಥದ ಮಾತನ್ನು ಅವರು ಆಡಿದ್ದರು. ಆದರೂ ಬರೆಯೋದು ಬಿಡಲಿಲ್ಲ. ಆಮೇಲೆ ನಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಅದೇ ಮಾಲೆಯ ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿಸಿ ಅವರನ್ನು ಕೊಂದರು.

ಆ ವರ್ಷ ಅಕ್ಟೋಬರ್‌ನಲ್ಲಿ ಪ್ರಶಸ್ತಿಗಳು ಹಿಂದಕ್ಕೆ ಹೋಗತೊಡಗಿದವು. ಅಕಾಡೆಮಿ ತನ್ನದೇ ಪ್ರಶಸ್ತಿ ಪಡೆದ ವಿದ್ವಾಂಸರ ಕೊಲೆಯ ಬಗ್ಗೆ ಸಾಕಷ್ಟು ಗಟ್ಟಿಯಾಗಿ ಮಾತಾಡಲಿಲ್ಲ ಅನ್ನೋದು ಲೇಖಕರ ಆಕ್ಷೇಪ. ನಮ್ಮ ಭಾಗದ ಇಬ್ಬರು ಅವರಲ್ಲಿದ್ದರು. 'ಕತ್ತಿಯಂಚಿನ ದಾರಿ'ಗೆ 2010ರಲ್ಲಿ ಪ್ರಶಸ್ತಿ ಪಡೆದಿದ್ದ, ಆಗ ಹಂಪಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ. 'ಅರಮನೆ' ಕಾದಂಬರಿಗೆ 2007ರಲ್ಲಿ ಪಡೆದಿದ್ದ ಕೊಟ್ಟೂರಿನ ಕುಂ. ವೀರಭದ್ರಪ್ಪ. ಅಕ್ಟೋಬರ್ 23ರಂದು ಅಕಾಡೆಮಿ ವಿಶೇಷ ಸಭೆ ಸೇರಿ ಕೊಲೆಯನ್ನು ಖಂಡಿಸಿ ನಿರ್ಣಯ ಮಾಡಿತು. ಹಿಂದಿರುಗಿಸಿದ್ದು ಸರಿಯೋ ತಪ್ಪೋ ಅಂತ ಆಗ ಊರೂರಲ್ಲಿ ಚರ್ಚೆ ನಡೆದಿತ್ತು, ಈಗಲೂ ನಮ್ಮ ಕ್ಯಾಂಟೀನಿನಲ್ಲಿ ನಡೆಯಬಹುದು. ನನಗೆ ಕಾಡೋದು ಬೇರೆ. ಮೊದಲ ಸಂಪುಟದ ವಿರುದ್ಧ ಕೂಗಾಡಿದವರಲ್ಲಿ, ನಾಲ್ಕನೇ ಸಂಪುಟಕ್ಕೆ ಹಾರ ಹಾಕಿದವರಲ್ಲಿ ಓದಿದವರು ಎಷ್ಟು ಜನ?

ಸಂಡೂರಿನ ಮಾತು ಬಿಟ್ಟರೆ ಈ ಪಾಠ ಪೂರ್ತಿ ಆಗಲ್ಲ. ಸಂಡೂರು ನಮ್ಮಂಥವರಿಗೆ ಒಬ್ಬ ಎಂಜಿನಿಯರ್ ಲೇಖಕರನ್ನು ಕೊಟ್ಟಿದೆ. ವಸುಧೇಂದ್ರ ಸಂಡೂರಿನವರು, ಸುರತ್ಕಲ್‌ನಲ್ಲಿ ಬಿ.ಇ., ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಇ. ಮಾಡಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ಲಿಸ್ಬನ್‌ನಿಂದ ವಿಜಯನಗರದವರೆಗೆ ಹಬ್ಬಿದ ಅವರ 'ತೇಜೋ-ತುಂಗಭದ್ರಾ' 2019ರಲ್ಲಿ ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಪ್ರತಿ ರೂಮಿನಿಂದ ರೂಮಿಗೆ ತಿರುಗಿ ಹಾಳೆ ಬಿಡ್ತಿತ್ತಂತೆ, ಸೀನಿಯರ್‌ಗಳು ಹೇಳ್ತಾರೆ. ಅದು ಕಾದಂಬರಿ. ಕಾದಂಬರಿಕಾರರಿಗೆ ಎರಡು ದಾಖಲೆಗಳ ನಡುವಿನ ಖಾಲಿ ಜಾಗದಲ್ಲಿ ಮನುಷ್ಯರನ್ನು ಓಡಾಡಿಸೋ ಸ್ವಾತಂತ್ರ್ಯ ಇದೆ. ಇತಿಹಾಸ ಬರೆಯೋರಿಗೆ ಆ ಜಾಗ ಖಾಲಿ ಇದೆ ಅಂತ ತೋರಿಸೋ ಹೊಣೆ ಇದೆ. ಕಾದಂಬರಿ ಓದಿ ಇತಿಹಾಸಕ್ಕೆ ಬನ್ನಿ, ಒಳ್ಳೆಯದೇ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೀಬೇಡಿ ಅಷ್ಟೆ.

ಸಂಡೂರಿನಲ್ಲೇ ಇನ್ನೊಂದು ಪಾಠವಿದೆ. ಕುಮಾರಸ್ವಾಮಿ, ಪಾರ್ವತಿ ದೇವಸ್ಥಾನಗಳಿರೋ ಬೆಟ್ಟ ಚಾಲುಕ್ಯ ರಾಷ್ಟ್ರಕೂಟರ ಕಾಲದ ನೆನಪು ಉಳಿಸಿಕೊಂಡಿದೆ. ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರೂ ಇದೆ. ದೇವಸ್ಥಾನದಿಂದ ಎಷ್ಟು ದೂರದವರೆಗೆ ಗಣಿ ಬೇಡ ಅನ್ನೋ ವಾದ ಇನ್ನೂ ಮುಗಿದಿಲ್ಲ. ಪುಸ್ತಕದ ಅಡಿಟಿಪ್ಪಣಿ ತಪ್ಪಿದ್ದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಆ ಟಿಪ್ಪಣಿ ಬೆರಳು ಮಾಡಿ ತೋರಿಸೋ ಕಲ್ಲೇ ಲಾರಿ ಹತ್ತಿ ಹೋದರೆ ಸರಿಯೋ ತಪ್ಪೋ ಅಂತ ನೋಡೋಕೆ ಏನೂ ಉಳಿಯಲ್ಲ. ನಮ್ಮಲ್ಲಿ ಮೈನಿಂಗ್ ಕಂಪನಿ ಸೇರೋರು ಇದ್ದಾರೆ, ಸೇರಿ. ಸರ್ವೆ ಮಾಡೋವಾಗ ಬರಹವಿರೋ ಕಲ್ಲು ಕಂಡರೆ ಒಂದು ಫೋಟೊ ತೆಗೆದು ಕಮಲಾಪುರದ ಪುರಾತತ್ವ ಇಲಾಖೆಯ ಕಚೇರಿಗೋ, ವಿಶ್ವವಿದ್ಯಾಲಯದ ಶಾಸನ ಓದೋರಿಗೋ ತಲುಪಿಸಿ.

ಈಗ ನಮ್ಮ ಕಾರ್ಯಕ್ರಮದ ವಿಷಯ. ಶಾಲು ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ಹಿರಿಯರನ್ನು ಬರಿಗೈಯಲ್ಲಿ ಕಳಿಸೋದಿಲ್ಲ, ಕಳಿಸಲೂಬಾರದು. ಆದರೆ ಹಾರ ಒಂದೇ, ಅವರೊಬ್ಬರಿಗೇ. ವೇದಿಕೆ ಮೇಲೆ ಮೂರು ಕುರ್ಚಿ. ಪರಿಚಯ ಎರಡು ನಿಮಿಷ, ಅದರಲ್ಲಿ ಪ್ರಶಸ್ತಿಗಳ ಪಟ್ಟಿ ಬರಬಾರದು, ಪುಸ್ತಕದ ವಾದ ಏನು ಅಂತ ನಾಲ್ಕು ವಾಕ್ಯದಲ್ಲಿ ಬರಬೇಕು. ಮೂರು ವಾರ ಮೊದಲೇ ಪುಸ್ತಕದ ಹತ್ತು ಪ್ರತಿ ತರಿಸ್ತೀವಿ. ಓದೋ ಗುಂಪಿಗೆ ಸೇರೋರು ತಲಾ ಒಂದು ಅಡಿಟಿಪ್ಪಣಿ ಆರಿಸಿಕೊಂಡು ಅದರ ಬೆನ್ನು ಹತ್ತಬೇಕು. ಅದು ಶಾಸನವಾದರೆ ಅದರ ಪಾಠ ಎಲ್ಲಿ ಅಚ್ಚಾಗಿದೆ ನೋಡಿ, ಕಲ್ಲು ಎಲ್ಲಿದೆ ಹುಡುಕಿ. ಪ್ರವಾಸಿಯ ಮಾತಾದರೆ ಅವನು ಕಂಡನೋ ಕೇಳಿದನೋ ಗುರುತು ಹಾಕಿ. ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಂತಲೇ ಬನ್ನಿ, ಅದೂ ಒಂದು ಫಲಿತಾಂಶ. ಕಾರ್ಯಕ್ರಮದ ಅರ್ಧ ಹೊತ್ತು ಆ ಪ್ರಶ್ನೆಗಳಿಗೇ ಮೀಸಲು. ನಿರೂಪಣೆ ಈ ಸಲವೂ ನನ್ನದೇ. ಮೊದಲ ಪ್ರಶ್ನೆ ಏನು ಅಂತ ತೀರ್ಮಾನ ಮಾಡಿಟ್ಟಿದ್ದೀನಿ: "ಸರ್, ಅಚ್ಚಾದ ಮೇಲೆ ಈ ಪುಸ್ತಕದಲ್ಲಿ ನಿಮಗೇ ಕಂಡ ತಪ್ಪು ಯಾವುದು?"

ಅದಕ್ಕೂ ಮುಂಚೆ, ಬರೋ ಭಾನುವಾರ ಬೆಳಗ್ಗೆ ಆರೂವರೆಗೆ ಕಾಲೇಜು ಗೇಟಿನಿಂದ ಕೆರೆ ಏರಿ ಕಡೆ ಹೊರಡ್ತೀವಿ. ಅಲ್ಲಿಂದ ಮಧ್ಯಾಹ್ನದೊಳಗೆ ಹಂಪಿ, ಗಾರೆ ಎಲ್ಲಿದೆ ಎಲ್ಲಿಲ್ಲ ನೋಡೋಕೆ. ಪಾಯಸ್, ನೂನಿಜ್ ಇಬ್ಬರೂ ಕೆರೆಯ ಬಗ್ಗೆ ಬರೆದ ಪುಟಗಳ ಜೆರಾಕ್ಸ್ ಸಂಘದ ಕೋಣೆಯಲ್ಲಿ ಇಟ್ಟಿದೆ, ಓದಿಕೊಂಡು ಬನ್ನಿ. ಅಳತೆ ಟೇಪು ಸಿವಿಲ್‌ನವರು ತರ್ತಾರೆ. ನೀರಿನ ಬಾಟಲಿ, ಟೋಪಿ ನಿಮ್ಮದು.